ಎರಡು ತಿಂಗಳಿಗೆಂದು ಇಟ್ಟುಹೋದ ಹೋಟೆಲ್ ಸಾಮಾನು ನಾಲ್ಕೂವರೆ ವರ್ಷದಿಂದ ನನ್ನ ಗಾಲಾದಲ್ಲಿದೆ, ಮಾರಬಹುದೇ?

ಭಾಂಡುಪ್ ನಿವಾಸಿ, 6 ಜನವರಿ 2025

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಭಾಂಡುಪ್ ಪಶ್ಚಿಮದಲ್ಲಿ ನನ್ನದೊಂದು ಸಣ್ಣ ಗಾಲಾ, ಅಂದರೆ ಕೆಲಸಕ್ಕೆ ಬಳಸುವ ಮಳಿಗೆ, ಇದೆ. ಹಿಂದೆ ಅಲ್ಲಿ ಪ್ಯಾಕಿಂಗ್ ಕೆಲಸ ನಡೆಯುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಕೆಲಸ ನಿಂತು ಗಾಲಾ ಖಾಲಿ ಬಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ, ನಮ್ಮ ಕುಂದಾಪುರದ ಕಡೆಯವರೇ ಆದ, ಘಾಟ್ಕೋಪರಿನಲ್ಲಿ ಕಂಡಕ್ಟಿಂಗ್ ಮೇಲೆ, ಅಂದರೆ ಬೇರೆಯವರ ಲೈಸೆನ್ಸಿನಲ್ಲಿ, ಹೋಟೆಲು ನಡೆಸುತ್ತಿದ್ದ ಪರಿಚಿತರೊಬ್ಬರು ಹೋಟೆಲು ಬಿಟ್ಟುಕೊಡಬೇಕಾಗಿ ಬಂದಾಗ, ‘ಎರಡು ತಿಂಗಳು ಇಟ್ಟುಕೊಳ್ಳಿ, ಮಳೆ ಕಳೆದ ಮೇಲೆ ಬೇರೆ ಜಾಗ ನೋಡಿ ತೆಗೆದುಕೊಂಡು ಹೋಗುತ್ತೇನೆ’ ಎಂದು ಎರಡು ಟೆಂಪೋ ಸಾಮಾನು ತಂದಿಳಿಸಿದರು. ನಾಲ್ಕು ಬಾಗಿಲಿನ ಫ್ರೀಜರ್, ಎರಡು ಗ್ರೈಂಡರ್, ಇಡ್ಲಿ ಸ್ಟೀಮರ್, ಹದಿನಾಲ್ಕು ಮೇಜು, ನಲವತ್ತು ಕುರ್ಚಿ, ಪಾತ್ರೆಪಗಡಿ, ಬೀಗ ಹಾಕಿದ ಒಂದು ಉಕ್ಕಿನ ಕಪಾಟು. ಆಗ ಬಾಡಿಗೆಯ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಆ ದಿನಗಳಲ್ಲಿ ಯಾರಿಗೆ ಯಾರು ಬಾಡಿಗೆ ಕೇಳುವುದು?

2021ರ ಮಾರ್ಚಿನಲ್ಲಿ ನಾನು ಕೇಳಿದಾಗ, ಏಪ್ರಿಲಿನಿಂದ ತಿಂಗಳಿಗೆ 3,000 ರೂಪಾಯಿ ಕೊಡುವುದಾಗಿ ಫೋನಿನಲ್ಲಿ ಒಪ್ಪಿಕೊಂಡರು. ಏಪ್ರಿಲಿನಿಂದ ಜುಲೈವರೆಗೆ ನಾಲ್ಕು ತಿಂಗಳು ಗೂಗಲ್ ಪೇ ಮೂಲಕ ಹಣ ಬಂತು, ಆಮೇಲೆ ನಿಂತಿತು. 2021ರ ಆಗಸ್ಟಿನಿಂದ ಮೊನ್ನೆಯ ಡಿಸೆಂಬರ್‌ವರೆಗೆ ನಲವತ್ತೊಂದು ತಿಂಗಳ ಬಾಕಿ 1,23,000 ರೂಪಾಯಿ ಆಗುತ್ತದೆ. ಒಂದು ವರ್ಷದಿಂದ ಅವರ ಫೋನ್ ನಂಬರು ಚಾಲ್ತಿಯಲ್ಲಿಲ್ಲ. ಊರಿಗೆ ಹೋಗಿದ್ದಾರೆಂದು ಕೇಳಿದ್ದೇನೆ. ಈಗ ಗಾಲಾವನ್ನು ಒಬ್ಬ ಕೇಟರಿಂಗ್‌ನವರಿಗೆ ಏಪ್ರಿಲಿನಿಂದ ಕೊಡುವ ಮಾತಾಗಿದೆ. ನಾನು ಈ ಸಾಮಾನನ್ನು ಮಾರಿ ನನ್ನ ಬಾಕಿ ಹಿಡಿದುಕೊಂಡು, ಉಳಿದದ್ದನ್ನು ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟರೆ ತಪ್ಪಾಗುತ್ತದೆಯೇ? ಅವರ ಮೇಲೆ ನನಗೆ ದ್ವೇಷವಿಲ್ಲ. ಆದರೆ ನನಗೂ ಇಬ್ಬರು ಮಕ್ಕಳ ಕಾಲೇಜು ಫೀಸು ಇದೆ.

ಚೆಂಬೂರಿನ ಹೋಟೆಲಿಗ, 6 ಜನವರಿ 2025

ಭಾಂಡುಪಿನ ಅಣ್ಣನವರೇ, ನಿಮ್ಮ ಜಾಗದಲ್ಲಿ ನಾನಿದ್ದರೆ ಮಾರಿಬಿಡುತ್ತಿದ್ದೆ. ಮೂರು ವರ್ಷ ಕಳೆದ ಮೇಲೆ ಇಟ್ಟುಹೋದವನಿಗೆ ಸಾಮಾನಿನ ಮೇಲೆ ಹಕ್ಕು ಇರುವುದಿಲ್ಲ ಎಂದು ನಮ್ಮ ಹೋಟೆಲು ವಲಯದಲ್ಲಿ ಎಲ್ಲರೂ ಹೇಳುತ್ತಾರೆ. ಅಲ್ಲದೆ ಬಾಕಿಯ ಮೊತ್ತವು ಸಾಮಾನಿನ ಬೆಲೆಯ ಮೂರನೆಯ ಎರಡು ಭಾಗ ದಾಟಿದರೆ ಮಾರಬಹುದು ಎಂದು ಕಾಯ್ದೆಯಲ್ಲೇ ಬರೆದಿದೆಯಂತೆ. ಹಳೆಯ ಫ್ರೀಜರಿಗೂ ಮೇಜುಗಳಿಗೂ ಇವತ್ತು ಒಂದು ಲಕ್ಷ ಹುಟ್ಟುವುದೂ ಕಷ್ಟ. ಕಾದಷ್ಟೂ ತುಕ್ಕು ಹಿಡಿಯುತ್ತದೆ.

ಠಾಣೆಯ ವಕೀಲ, 7 ಜನವರಿ 2025

ಮೇಲಿನ ಎರಡೂ ಮಾತುಗಳನ್ನು ನಾನು ಕಚೇರಿಯಲ್ಲಿ ವಾರಕ್ಕೊಮ್ಮೆ ಕೇಳುತ್ತೇನೆ. ಎರಡನ್ನೂ ನಂಬಿ ತೊಂದರೆಗೆ ಸಿಲುಕಿದವರನ್ನು ನೋಡಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಬೇಕು.

ಮೊದಲು ಆ ಮೂರನೆಯ ಎರಡು ಭಾಗದ ಮಾತು. ಅದು 1872ರ ಭಾರತೀಯ ಕರಾರು ಕಾಯ್ದೆಯ 169ನೇ ಕಲಮಿನಲ್ಲಿ ಇರುವುದು ನಿಜ. ಆದರೆ ಅದು ದಾರಿಯಲ್ಲಿ ಸಿಕ್ಕ ವಸ್ತುವನ್ನು ಎತ್ತಿಟ್ಟುಕೊಂಡವನಿಗಾಗಿ ಬರೆದ ಕಲಂ. ಸಾಧಾರಣವಾಗಿ ಮಾರಾಟವಾಗುವಂಥ ವಸ್ತು ಸಿಕ್ಕಿ, ಒಡೆಯನನ್ನು ಹುಡುಕಿದರೂ ಸಿಗದಿದ್ದರೆ ಅಥವಾ ಸಿಕ್ಕಿಯೂ ಖರ್ಚು ಕೊಡಲು ಒಪ್ಪದಿದ್ದರೆ, ವಸ್ತು ಹಾಳಾಗುವ ಸ್ಥಿತಿಯಲ್ಲಿದ್ದಾಗ ಅಥವಾ ಖರ್ಚು ಅದರ ಬೆಲೆಯ ಮೂರನೆಯ ಎರಡು ಭಾಗಕ್ಕೆ ಮುಟ್ಟಿದಾಗ ಅವನು ಮಾರಬಹುದು. ನಿಮಗೆ ಈ ಸಾಮಾನು ಸಿಕ್ಕಿದ್ದಲ್ಲ, ಹೆಸರು ಗೊತ್ತಿರುವ ಒಬ್ಬರು ನಿಮ್ಮ ಕೈಗೆ ಒಪ್ಪಿಸಿದ್ದು. ಗಾಲಾದ ಕೀಲಿಕೈ ನಿಮ್ಮ ಬಳಿಯೇ ಇರುವುದರಿಂದ ಇದು 148ನೇ ಕಲಮಿನಲ್ಲಿ ಹೇಳಿರುವ ಬೇಲ್‌ಮೆಂಟ್ ಆಗುತ್ತದೆ, ಅಂದರೆ ಒಂದು ಉದ್ದೇಶಕ್ಕಾಗಿ ಒಪ್ಪಿಸಿದ, ಉದ್ದೇಶ ತೀರಿದ ಮೇಲೆ ಹಿಂದಿರುಗಿಸಬೇಕಾದ ವಸ್ತು. ಒಂದು ವೇಳೆ ನೀವು ಒಂದು ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ಅವರು ತಮ್ಮದೇ ಬೀಗ ಹಾಕಿಕೊಂಡು ಹೋಗಿದ್ದರೆ ಆಗ ಅದು ಜಾಗದ ಲೈಸೆನ್ಸ್, ಅಂದರೆ ಜಾಗ ಬಳಸಲು ಕೊಟ್ಟ ಅನುಮತಿ, ಆಗುತ್ತಿತ್ತು. 1882ರ ಈಸ್‌ಮೆಂಟ್ ಕಾಯ್ದೆಯ 63ನೇ ಕಲಮಿನ ಪ್ರಕಾರ, ಲೈಸೆನ್ಸ್ ರದ್ದು ಮಾಡಿದ ಮೇಲೂ ಸಾಮಾನು ತೆಗೆದುಕೊಂಡು ಹೋಗಲು ಅವರಿಗೆ ಸಮಂಜಸ ಕಾಲಾವಕಾಶ ಕೊಡಬೇಕಾಗುತ್ತಿತ್ತು. ಕೀಲಿಕೈ ಯಾರ ಬಳಿ ಇತ್ತು ಎಂಬ ಒಂದು ಪ್ರಶ್ನೆಯಿಂದಲೇ ಮೊಕದ್ದಮೆಯ ದಾರಿ ಬೇರೆಯಾಗುತ್ತದೆ.

ಎರಡನೆಯದು, ಬಾಕಿಗಾಗಿ ತಡೆಹಿಡಿಯುವ ಹಕ್ಕು, ನಾವು ಲೀನ್ ಎನ್ನುವುದು. ಕರಾರು ಕಾಯ್ದೆಯ 170ನೇ ಕಲಂ ಈ ಹಕ್ಕನ್ನು ಕೊಡುವುದು ವಸ್ತುವಿನ ಮೇಲೆ ಶ್ರಮವನ್ನೋ ಕುಶಲತೆಯನ್ನೋ ವ್ಯಯಿಸಿದವನಿಗೆ. ಕಾಯ್ದೆಯೇ ಕೊಡುವ ಉದಾಹರಣೆಯೆಂದರೆ ಒರಟು ವಜ್ರವನ್ನು ಕೊರೆದು ಹೊಳಪು ಕೊಡುವ ಆಭರಣದವನದು. ಅವನು ಕೂಲಿ ಸಿಗುವವರೆಗೆ ವಜ್ರವನ್ನು ಇಟ್ಟುಕೊಳ್ಳಬಹುದು. ಫ್ರೀಜರನ್ನು ಮೂಲೆಯಲ್ಲಿ ಇರಗೊಟ್ಟ ಮಾತ್ರಕ್ಕೆ ಆ ಹಕ್ಕು ಹುಟ್ಟುವುದಿಲ್ಲ. ಇನ್ನು 171ನೇ ಕಲಮಿನ ವ್ಯಾಪಕ ಹಕ್ಕು ಬ್ಯಾಂಕು, ಇತರರ ಸರಕನ್ನು ಮಾರಿಕೊಡುವ ಫ್ಯಾಕ್ಟರ್, ಬಂದರು ಕಟ್ಟೆಯಲ್ಲಿ ಸರಕು ಇಟ್ಟುಕೊಳ್ಳುವ ವಾರ್ಫಿಂಜರ್, ಹೈಕೋರ್ಟಿನ ಅಟಾರ್ನಿ, ವಿಮಾ ಪಾಲಿಸಿಯ ದಲ್ಲಾಳಿ, ಇವರಿಗೆ ಮಾತ್ರ. ಬೇರೆಯವರಿಗೆ ಆ ಹಕ್ಕು ಬೇಕಿದ್ದರೆ ಸ್ಪಷ್ಟ ಕರಾರು ಇರಬೇಕು. ಲೀನ್ ಇದ್ದರೂ ಅದು ಹಿಡಿದಿಟ್ಟುಕೊಳ್ಳುವ ಹಕ್ಕೇ ಹೊರತು ಮಾರುವ ಹಕ್ಕಲ್ಲ. ನೋಟೀಸು ಕೊಟ್ಟು ಮಾರುವ ಅಧಿಕಾರ ಅಡವು ಹಿಡಿದವನಿಗೆ 176ನೇ ಕಲಮಿನಲ್ಲಿ ಇದೆ. ನಿಮ್ಮ ಬಳಿ ಅವರು ಅಡವು ಇಟ್ಟಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಚೆಂಬೂರಿನವರು ಹೇಳಿದ ಮೂರು ವರ್ಷದ ಲೆಕ್ಕ ಓಡುತ್ತಿರುವುದು ನಿಮ್ಮ ವಿರುದ್ಧ, ಅವರ ವಿರುದ್ಧವಲ್ಲ. ದಾವೆ ಹೂಡುವ ಕಾಲಮಿತಿಯನ್ನು ಹೇಳುವ 1963ರ ಲಿಮಿಟೇಶನ್ ಕಾಯ್ದೆಯ 70ನೇ ಅನುಚ್ಛೇದದ ಪ್ರಕಾರ, ಒಪ್ಪಿಸಿಟ್ಟ ವಸ್ತುವನ್ನು ಹಿಂಪಡೆಯಲು ಒಡೆಯನಿಗೆ ಇರುವ ಮೂರು ವರ್ಷ ಆರಂಭವಾಗುವುದು ಅವನು ಕೇಳಿ ನೀವು ಕೊಡುವುದಿಲ್ಲ ಎಂದ ದಿನದಿಂದ. ಅವರು ಇನ್ನೂ ಕೇಳಿಲ್ಲ, ನೀವು ನಿರಾಕರಿಸಿಲ್ಲ. ಹಾಗಾಗಿ ಅವರ ಗಡಿಯಾರ ಇನ್ನೂ ಚಾಲೂ ಆಗಿಲ್ಲ. ನಿಮ್ಮ ಬಾಡಿಗೆಯ ಬಾಕಿಯಾದರೋ ತಿಂಗಳು ತಿಂಗಳಿಗೆ ಬೇರೆಬೇರೆಯಾಗಿ ಮೂರು ವರ್ಷಕ್ಕೆ ಸಾಯುತ್ತ ಬರುತ್ತದೆ. ಕೋವಿಡ್ ಕಾರಣದಿಂದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಆದೇಶಿಸಿದ್ದರಿಂದ 2021ರ ಆಗಸ್ಟಿನ ಬಾಕಿ ಇನ್ನೂ ಉಳಿದಿದೆ. ಅದರ ಮೂರು ವರ್ಷ 2022ರ ಮಾರ್ಚ್ 1ರಿಂದ ಎಣಿಸಿದರೆ ಈ ಫೆಬ್ರವರಿ 28ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ದಾವೆ ಹೂಡಬೇಕು, ಇಲ್ಲವೇ ಅದೇ ಲಿಮಿಟೇಶನ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಬಾಕಿಯನ್ನು ಒಪ್ಪಿಕೊಂಡು ಅವರ ಸಹಿಯಿರುವ ಒಂದು ಬರಹವನ್ನು ಪಡೆಯಬೇಕು. ಅವಧಿ ಮುಗಿಯುವ ಮೊದಲು ಸಹಿ ಬಿದ್ದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ.

2020ರ ಜೂನಿನಿಂದ 2021ರ ಮಾರ್ಚಿನವರೆಗಿನ ಹತ್ತು ತಿಂಗಳಿಗೆ ಬಾಡಿಗೆ ಕೇಳಲು ಬರುವುದಿಲ್ಲ. ಅದು ಪ್ರತಿಫಲವಿಲ್ಲದ ಬೇಲ್‌ಮೆಂಟ್. ಕರಾರು ಕಾಯ್ದೆಯ 158ನೇ ಕಲಂ ಅಂಥ ಕಡೆ ಅಗತ್ಯ ಖರ್ಚನ್ನು ಮಾತ್ರ ಕೊಡಿಸುತ್ತದೆ. ತಾಡಪತ್ರಿಗೋ ಇಲಿಮದ್ದಿಗೋ ಖರ್ಚು ಮಾಡಿದ್ದರೆ ಬಿಲ್ಲುಗಳನ್ನು ಹುಡುಕಿಡಿ. ಏಪ್ರಿಲ್ ನಂತರದ ಬಾಯಿಮಾತಿನ ಕರಾರು ಪೂರ್ತಿ ಸಿಂಧುವಾಗಿದೆ. 3,000 ರೂಪಾಯಿಯ ನಾಲ್ಕು ಪಾವತಿಗಳೇ ಅದಕ್ಕೆ ಸಾಕ್ಷಿ. ಆ ಫೋನನ್ನು ಮಾತ್ರ ಬದಲಿಸಬೇಡಿ. ಅದರಲ್ಲಿರುವ ಸಂದೇಶಗಳನ್ನು ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಭಾಂಡುಪ್ ನಿವಾಸಿ, 8 ಜನವರಿ 2025

ವಕೀಲರೇ, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಸುಮ್ಮನಿದ್ದಷ್ಟೂ ನನ್ನ ಹಕ್ಕೇ ಕರಗುತ್ತಿತ್ತು ಎಂದು ತಿಳಿದಿರಲಿಲ್ಲ. ಸುಮ್ಮನಿರುವುದೇ ದೊಡ್ಡತನವೆಂದು ತಿಳಿದಿದ್ದೆ. ಹಾಗಾದರೆ ನನ್ನ ಸ್ವಂತ ಗಾಲಾವನ್ನು ಖಾಲಿ ಮಾಡಿಸಿಕೊಳ್ಳುವ ದಾರಿಯೇ ಇಲ್ಲವೇ?

ಬಂದರಿನ ನಿವೃತ್ತ ಗುಮಾಸ್ತ, 8 ಜನವರಿ 2025

ನಾನು ಬ್ಯಾಲಾರ್ಡ್ ಎಸ್ಟೇಟಿನಲ್ಲಿ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ‘ವಾರಸುದಾರ ಬಾರದಿದ್ದರೆ ಹರಾಜು’ ಎಂಬ ನಂಬಿಕೆ ನಮ್ಮ ಮುಂಬಯಿಯಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಬಂದರೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಅಲ್ಲಿ ಅದು ದಿನನಿತ್ಯದ ಕೆಲಸ. 1962ರ ಕಸ್ಟಮ್ಸ್ ಕಾಯ್ದೆಯ 48ನೇ ಕಲಮಿನ ಪ್ರಕಾರ, ಹಡಗಿನಿಂದ ಇಳಿದ ಸರಕನ್ನು 30 ದಿನಗಳೊಳಗೆ ಬಿಡಿಸಿಕೊಳ್ಳದಿದ್ದರೆ, ಆಮದುದಾರನಿಗೆ ನೋಟೀಸು ಕೊಟ್ಟು, ಅಧಿಕಾರಿಯ ಅನುಮತಿ ಪಡೆದು, ಸರಕನ್ನು ಕಾಯುತ್ತಿರುವವರು ಮಾರಬಹುದು. ಡೆಮರೇಜು, ಅಂದರೆ ಸರಕು ಬಿಡಿಸಿಕೊಳ್ಳಲು ತಡವಾದುದಕ್ಕೆ ಬೀಳುವ ಶುಲ್ಕ, ಸರಕಿನ ಬೆಲೆಯನ್ನೇ ಮೀರಿದ ಪೆಟ್ಟಿಗೆಗಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬಾಂಬೆ ಪೋರ್ಟ್ ಟ್ರಸ್ಟ್ ವಿರುದ್ಧ ಶ್ರೀಯಾನೇಶ್ ನಿಟ್ಟರ್ಸ್ ಎಂಬ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು, ಬಂದರು ವಾರ್ಫಿಂಜರ್ ಆಗಿರುವುದರಿಂದ ವಕೀಲರು ಹೇಳಿದ ಆ 171ನೇ ಕಲಮಿನ ವ್ಯಾಪಕ ಹಕ್ಕು ಅದಕ್ಕೂ ಇದೆ ಎಂದು ಹೇಳಿತು. ಹಾಗೆಯೇ 2007ರ ವೇರ್‌ಹೌಸಿಂಗ್ ಕಾಯ್ದೆ ಉಗ್ರಾಣದವರಿಗೆ ತಮ್ಮ ಬಾಡಿಗೆಗಾಗಿ ಸರಕಿನ ಮೇಲೆ ಹಕ್ಕು ಕೊಟ್ಟಿದೆ.

ಇವೆಲ್ಲ ಆಯಾ ಕಾಯ್ದೆ ಆಯಾ ಸಂಸ್ಥೆಗೆ ಬರೆದುಕೊಟ್ಟ ಅಧಿಕಾರಗಳು. ಭಾಂಡುಪಿನ ಗಾಲಾ ಬಂದರು ಕಟ್ಟೆಯೂ ಅಲ್ಲ, ಪರವಾನಗಿ ಪಡೆದ ಉಗ್ರಾಣವೂ ಅಲ್ಲ. ಬಂದರಿನ ಹರಾಜು ನೋಡಿ ಬಂದವರು ಅದೇ ನಿಯಮವನ್ನು ಮನೆಯ ಅಟ್ಟಕ್ಕೂ ಹಚ್ಚುತ್ತಾರೆ, ಅಲ್ಲೇ ತಪ್ಪಾಗುವುದು.

ಡೊಂಬಿವಲಿಯ ಓದುಗಿ, 8 ಜನವರಿ 2025

ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಸಾಮಾನು ಇಟ್ಟುಕೊಂಡವರ ಕಷ್ಟವೇ ಬಂದಿದೆ. ನಾನು ಇನ್ನೊಂದು ಬದಿಯಲ್ಲಿ ನಿಂತವಳು, ಅದನ್ನೂ ಹೇಳಬೇಕು.

ನನ್ನ ಯಜಮಾನರು ಕಲ್ಯಾಣದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದರು. ಅಂಗಡಿಯ ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರು ಮುಗಿದಾಗ ಐದು ಹೊಲಿಗೆ ಯಂತ್ರಗಳನ್ನೂ ಒಂದು ಓವರ್‌ಲಾಕ್ ಯಂತ್ರವನ್ನೂ ತಮ್ಮ ಸ್ನೇಹಿತರೊಬ್ಬರ ಖಾಲಿ ಖೋಲಿಯಲ್ಲಿ ಇಟ್ಟಿದ್ದರು. ಬಾಡಿಗೆಯ ಮಾತೇ ಇರಲಿಲ್ಲ; ಪ್ರತಿ ದೀಪಾವಳಿಗೆ ಅವರ ಮನೆಯ ಬಟ್ಟೆಗಳನ್ನು ಇವರು ಹೊಲಿದುಕೊಡುತ್ತಿದ್ದರು. 2022ರಲ್ಲಿ ಇವರು ಹೃದಯಾಘಾತದಿಂದ ತೀರಿಕೊಂಡರು. ಮೂರು ತಿಂಗಳ ನಂತರ ನಾನು ಯಂತ್ರಗಳನ್ನು ಕೇಳಲು ಹೋದಾಗ, ಆ ಸ್ನೇಹಿತರು ಎರಡು ವರ್ಷದ ಬಾಡಿಗೆಯೆಂದು 48,000 ರೂಪಾಯಿ ಕೊಟ್ಟರೆ ಮಾತ್ರ ಕೊಡುವುದಾಗಿ ಹೇಳಿದರು. ಆ ಯಂತ್ರಗಳಿದ್ದರೆ ನಾನು ಮನೆಯಲ್ಲೇ ಕುಳಿತು ಬ್ಲೌಸು ಹೊಲಿದು ಜೀವನ ಮಾಡಬಹುದಿತ್ತು. ಗಂಡ ಸತ್ತ ಮನೆಯ ಬಾಗಿಲಿಗೆ ಬಂದು ಹೇಳದ ಬಾಡಿಗೆಯನ್ನು ನಾನು ಅಂಗಲಾಚಿ ನಿಂತಾಗ ಹೇಳಿದರು ಎಂಬ ನೋವು ಇಂದಿಗೂ ಇದೆ.

ಠಾಣೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ಅಲ್ಲಿಯ ವಕೀಲರು ಹೇಳಿದ್ದೇನೆಂದರೆ, ಪುಕ್ಕಟೆಯಾಗಿ ಒಪ್ಪಿಸಿಟ್ಟ ಸಂಬಂಧವು ಇಬ್ಬರಲ್ಲಿ ಒಬ್ಬರು ತೀರಿಕೊಂಡ ಕ್ಷಣ ಕರಾರು ಕಾಯ್ದೆಯ 162ನೇ ಕಲಮಿನಂತೆ ಕೊನೆಗೊಳ್ಳುತ್ತದೆ, ಆಮೇಲೆ ವಸ್ತು ವಾರಸುದಾರರಿಗೆ ಸೇರಬೇಕು, ಮಾತೇ ಆಡದ ಬಾಡಿಗೆಗಾಗಿ ತಡೆಹಿಡಿಯಲು ಬರುವುದಿಲ್ಲ. ಆದರೆ ಆ ಸ್ನೇಹಿತರಿಗೂ ಒಂದು ನ್ಯಾಯವಾದ ಭಯವಿತ್ತು. ನಾಳೆ ನನ್ನ ಮೈದುನರು ಬಂದು ‘ನಮ್ಮನ್ನು ಕೇಳದೆ ಕೊಟ್ಟಿರಿ’ ಎಂದರೆ ಏನು ಮಾಡುವುದು? ನಾನೂ ನನ್ನ ಮಗನೂ ಅತ್ತೆಯವರೂ ಒಟ್ಟಿಗೆ ಸಹಿ ಹಾಕಿ, ಮುಂದೆ ಯಾರಾದರೂ ಹಕ್ಕು ಕೇಳಿದರೆ ಜವಾಬ್ದಾರಿ ನಮ್ಮದೆಂದು ಬರೆದುಕೊಟ್ಟ ಮೇಲೆ ಅವರು ಸಡಿಲಾದರು. ದಾವೆಗೆ ಹೋಗುವ ಮೊದಲೇ ಲೋಕ ಅದಾಲತಿನಲ್ಲಿ ರಾಜಿಯಾಯಿತು. ಖೋಲಿಗೆ ಹಾಕಿಸಿದ ಹೊಸ ತಗಡಿನ ಖರ್ಚೆಂದು 5,000 ರೂಪಾಯಿ ಕೊಟ್ಟೆ, ಯಂತ್ರಗಳು ಮನೆಗೆ ಬಂದವು. ಲೋಕ ಅದಾಲತಿನ ತೀರ್ಪಿಗೆ ಅಪೀಲು ಇಲ್ಲ. ಅದಕ್ಕೇ ನನಗೆ ಧೈರ್ಯ ಬಂತು.

ಭಾಂಡುಪಿನ ಅಣ್ಣನವರಲ್ಲಿ ನನ್ನ ವಿನಂತಿ: ಆ ಹೋಟೆಲಿನವರ ಮನೆಯಲ್ಲಿ ಏನಾಗಿದೆ ಎಂದು ಮೊದಲು ತಿಳಿದುಕೊಳ್ಳಿ.

ಕಲೀನಾದ ಹಿರಿಯ, 9 ಜನವರಿ 2025

ಕಾಪಾಡುವ ಹೊಣೆಯ ಬಗ್ಗೆ ಯಾರೂ ಬರೆದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ನೆಲಮಾಳಿಗೆಯ ಮನೆಯಲ್ಲಿ ಅಕ್ಕನ ಮಗನ ಮದುವೆ ಸಾಮಾನು ಇತ್ತು. ಗೋದ್ರೇಜ್ ಕಪಾಟು, ಸೋಫಾ, ಟೀವಿ ಎಲ್ಲ ಕೊಳಚೆ ನೀರಿನಲ್ಲಿ ಮುಳುಗಿತು. ಬಾವ ನನ್ನಿಂದ ಬೆಲೆ ಕೇಳಿದರು, ಎರಡು ವರ್ಷ ಮಾತು ಬಿಟ್ಟಿದ್ದೆವು. ಆಗ ಒಬ್ಬ ಹಿರಿಯ ವಕೀಲರು ಕರಾರು ಕಾಯ್ದೆಯ 151 ಮತ್ತು 152ನೇ ಕಲಮುಗಳನ್ನು ಓದಿ ಹೇಳಿದರು: ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರಿಕೆಯನ್ನು ವಹಿಸಿದ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ, ನಷ್ಟಕ್ಕೆ ಇಟ್ಟುಕೊಂಡವನು ಹೊಣೆಯಲ್ಲ. ನನ್ನ ಸ್ವಂತ ಸೋಫಾವೂ ಅದೇ ನೀರಿನಲ್ಲಿತ್ತು. ಆದರೆ ಪ್ರತಿ ಮಳೆಗಾಲ ಮೊಣಕಾಲುದ್ದ ನೀರು ನುಗ್ಗುವ ಜಾಗವೆಂದು ಗೊತ್ತಿದ್ದೂ ಗ್ರೈಂಡರಿನ ಮೋಟಾರನ್ನು ನೆಲದ ಮೇಲೇ ಬಿಟ್ಟರೆ ಆ ಕಲಂ ರಕ್ಷಣೆ ಕೊಡುವುದಿಲ್ಲ. ಬಾಡಿಗೆ ಬರುತ್ತಿಲ್ಲ ಎಂಬುದು ಎಚ್ಚರಿಕೆ ಬಿಡಲು ಕಾರಣವಾಗುವುದಿಲ್ಲ. ಬಾಡಿಗೆ ಕೊಟ್ಟವನಿಗೂ ಕೊಡದವನಿಗೂ ಕಾಯ್ದೆ ಒಂದೇ ಅಳತೆ ಇಟ್ಟಿದೆ.

ಹಡಪ್ಸರ್ ವಾಸಿ, 9 ಜನವರಿ 2025

ಪುಣೆಯಿಂದ ಒಂದು ಸಣ್ಣ ಅನುಭವ. ನಾನು ಮನೆ ಬದಲಿಸುವಾಗ ಸಾಮಾನು ಸಾಗಿಸುವ ಒಂದು ಸಂಸ್ಥೆಗೆ ಒಂದು ತಿಂಗಳು ಇಟ್ಟುಕೊಳ್ಳಲು ಹಣ ಕೊಟ್ಟಿದ್ದೆ. ಅವರೇ ತಲುಪಿಸಲು ತಡಮಾಡಿ, ತಡವಾದ ದಿನಗಳಿಗೂ ಬಾಡಿಗೆ ಕೇಳಿ ಲಾರಿಯನ್ನು ಬಾಗಿಲಲ್ಲೇ ನಿಲ್ಲಿಸಿದರು. ಹಣ ಕೊಟ್ಟು ಪಡೆದ ಸೇವೆಯಾದ್ದರಿಂದ ನಾನು ಗ್ರಾಹಕ ಆಯೋಗಕ್ಕೆ ಹೋಗಲು ಸಾಧ್ಯವಾಯಿತು. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೂಡಬೇಕು. ಸ್ನೇಹಿತರ ಮನೆಯಲ್ಲಿ ಪುಕ್ಕಟೆಯಾಗಿ ಇಟ್ಟಿದ್ದರೆ ಈ ದಾರಿ ಇಲ್ಲ, ಏಕೆಂದರೆ ಪುಕ್ಕಟೆ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುವುದಿಲ್ಲ.

ಠಾಣೆಯ ವಕೀಲ, 10 ಜನವರಿ 2025

ದಾರಿ ಇಲ್ಲವೇ ಎಂದು ಕೇಳಿದ್ದಿರಿ. ಇದೆ, ಆದರೆ ಅದು ಕಾಗದದಿಂದ ಶುರುವಾಗುತ್ತದೆ.

ಈ ಭಾನುವಾರವೇ ಸೊಸೈಟಿಯ ಕಾರ್ಯದರ್ಶಿಯನ್ನೂ ಪಕ್ಕದ ಗಾಲಾದವರೊಬ್ಬರನ್ನೂ ಕರೆದು, ಪ್ರತಿಯೊಂದು ವಸ್ತುವಿನ ಫೋಟೋ ತೆಗೆದು, ಕಂಪನಿಯ ಹೆಸರು, ಸೀರಿಯಲ್ ನಂಬರು, ಈಗಿನ ಸ್ಥಿತಿ ಸಹಿತ ಪಟ್ಟಿ ಮಾಡಿ, ಇಬ್ಬರಿಂದಲೂ ಸಹಿ ಹಾಕಿಸಿ. ಬೀಗ ಹಾಕಿದ ಕಪಾಟನ್ನು ಒಡೆಯಬೇಡಿ. ‘ಬೀಗ ಹಾಕಿದ ಕಪಾಟು, ಒಳಗಿರುವುದು ತಿಳಿಯದು’ ಎಂದೇ ಬರೆಯಿರಿ. ಒಡೆದ ಮರುದಿನ ಅದರಲ್ಲಿ ಎರಡು ಲಕ್ಷ ನಗದಿತ್ತು ಎಂದು ಅವರು ಹೇಳಿದರೆ ಇಲ್ಲವೆಂದು ರುಜುವಾತು ಮಾಡುವ ಕಷ್ಟ ನಿಮ್ಮದಾಗುತ್ತದೆ. ಗ್ಯಾಸ್ ಸಿಲಿಂಡರುಗಳೇನಾದರೂ ಇದ್ದರೆ ಅವು ಅವರದೂ ಅಲ್ಲ, ಗ್ಯಾಸ್ ಕಂಪನಿಯವು. ಕೂಡಲೇ ವಿತರಕರಿಗೆ ಒಪ್ಪಿಸಿ ರಸೀದಿ ಪಡೆಯಿರಿ.

ಆಮೇಲೆ, ತಲುಪಿದ್ದಕ್ಕೆ ಸಹಿಯ ರಸೀದಿ ಸಿಗುವ ಅಂಚೆಯ ಮೂಲಕ ನೋಟೀಸು. ಅವರ ಕೊನೆಯ ಮುಂಬಯಿ ವಿಳಾಸಕ್ಕೆ ಒಂದು, ಊರಿನ ಮನೆಯ ವಿಳಾಸಕ್ಕೆ ಒಂದು. ಪಟ್ಟಿಯನ್ನು ಲಗತ್ತಿಸಿ, ಬಾಕಿಯ ಲೆಕ್ಕವನ್ನು ತಿಂಗಳುವಾರು ತೋರಿಸಿ, 30 ದಿನಗಳೊಳಗೆ ಬಾಕಿ ಕೊಟ್ಟು ಸಾಮಾನು ತೆಗೆದುಕೊಂಡು ಹೋಗಬೇಕೆಂದು, ತಪ್ಪಿದರೆ ಬಾಡಿಗೆ ಮುಂದುವರಿಯುತ್ತದೆಂದು, 1978ರ ಬಡ್ಡಿ ಕಾಯ್ದೆಯಂತೆ ನೋಟೀಸಿನ ದಿನದಿಂದ ಬಡ್ಡಿ ಕೇಳುತ್ತೀರೆಂದು ಬರೆಯಿರಿ. ಲಕೋಟೆ ‘ಮನೆ ಬೀಗ’ ಎಂದೋ ‘ನಿರಾಕರಿಸಲಾಗಿದೆ’ ಎಂದೋ ಷರಾ ಬರೆದು ವಾಪಸು ಬಂದರೆ ಅದನ್ನು ತೆರೆಯದೆ ಹಾಗೆಯೇ ಇಟ್ಟುಕೊಳ್ಳಿ. ನೋಟೀಸಿನಲ್ಲಿ ‘ಕೊಡುವುದಿಲ್ಲ’ ಎಂಬ ಮಾತು ಎಲ್ಲಿಯೂ ಬರಬಾರದು. ನಾಳೆ ಅವರು ಒಂದು ಪೈಸೆ ಇಲ್ಲದೆ ಟೆಂಪೋ ತಂದು ನಿಂತರೂ ಸಾಮಾನನ್ನು ಕೊಟ್ಟು, ಹಣಕ್ಕೆ ಬೇರೆಯಾಗಿ ದಾವೆ ಹೂಡುವುದೇ ಸುರಕ್ಷಿತ.

ಅವರು ಬಾರದಿದ್ದರೆ ಬಾಕಿ ವಸೂಲಿಯ ದಾವೆ. ಅದರಲ್ಲಿ ತೀರ್ಪಿನ ಮೊದಲೇ ಜಪ್ತಿ ಮಾಡಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಡಿ ಕೇಳಬಹುದು, ಆದರೆ ಅವರು ಡಿಕ್ರಿಯನ್ನು ತಪ್ಪಿಸಲು ಆಸ್ತಿಯನ್ನು ಸಾಗಿಸುತ್ತಿದ್ದಾರೆಂದು ತೋರಿಸಬೇಕಾಗುತ್ತದೆ. ಜಪ್ತಿಯಾದ ಚರ ಸ್ವತ್ತು ಕೆಡುವಂಥದ್ದಾಗಿದ್ದರೆ ಅಥವಾ ಬೇರೆ ಸಾಕಷ್ಟು ಕಾರಣವಿದ್ದರೆ 39ನೇ ಆದೇಶದ 6ನೇ ನಿಯಮದಂತೆ ನ್ಯಾಯಾಲಯವೇ ಮಾರಾಟಕ್ಕೆ ಆಜ್ಞೆ ಮಾಡಬಹುದು. ನ್ಯಾಯಾಲಯದ ಆಜ್ಞೆಯ ಮೇಲೆ ನಡೆದ ಮಾರಾಟಕ್ಕೂ ನೀವಾಗಿಯೇ ಮಾಡಿದ ಮಾರಾಟಕ್ಕೂ ಅಜಗಜಾಂತರ. ನೀವಾಗಿಯೇ ಮಾರಿದರೆ ಬೆಲೆಯ ಪರಿಹಾರ ಕೊಡಬೇಕಾಗುತ್ತದೆ. ಅಪ್ರಾಮಾಣಿಕತೆ ಕಂಡುಬಂದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ನಂಬಿಕೆ ದ್ರೋಹದ ಆರೋಪವೂ ಬರಬಹುದು, ಅದಕ್ಕೆ ಐದು ವರ್ಷದವರೆಗೆ ಸಜೆಯಿದೆ.

ಎಲ್ಲಕ್ಕಿಂತ ಸುಲಭವಾದದ್ದು ಅವರ ಲಿಖಿತ ಒಪ್ಪಿಗೆ. ‘ನನ್ನ ಪರವಾಗಿ ಮಾರಿ ಬಾಕಿಗೆ ಜಮಾ ಮಾಡಿಕೊಳ್ಳಿ’ ಎಂದು ಅವರು ಸಹಿ ಹಾಕಿಕೊಟ್ಟರೆ ಮೇಲಿನ ಎಲ್ಲ ಕಲಮುಗಳೂ ಬದಿಗೆ ಸರಿಯುತ್ತವೆ.

ಚೆಂಬೂರಿನ ಹೋಟೆಲಿಗ, 10 ಜನವರಿ 2025

ನಾನು ಮೊದಲು ಬರೆದದ್ದು ತಪ್ಪು, ಹಿಂದೆಗೆದುಕೊಳ್ಳುತ್ತೇನೆ. ನಮ್ಮ ಕಸುಬಿನ ಒಂದು ಸಂಗತಿಯನ್ನು ಮಾತ್ರ ಸೇರಿಸುತ್ತೇನೆ. ಕಂಡಕ್ಟಿಂಗ್ ಎಂದರೆ ಲೈಸೆನ್ಸು ಒಬ್ಬರದು, ನಡೆಸುವವರು ಇನ್ನೊಬ್ಬರು. ಬಹಳ ಹೋಟೆಲುಗಳಲ್ಲಿ ಫ್ರೀಜರು, ಭಟ್ಟಿ, ಸ್ಟೀಮರು ಮಾಲೀಕರದೇ ಆಗಿರುತ್ತದೆ. ಮೇಜು ಕುರ್ಚಿ, ಗ್ರೈಂಡರುಗಳನ್ನು ನಡೆಸುವವರು ತಂದಿರುತ್ತಾರೆ. ಇಟ್ಟುಹೋದವರು ಹೋಟೆಲು ಬಿಡುವ ಗಡಿಬಿಡಿಯಲ್ಲಿ ಮಾಲೀಕರ ಸಾಮಾನನ್ನೂ ಟೆಂಪೋಗೆ ಹಾಕಿರಬಹುದು. ಘಾಟ್ಕೋಪರಿನ ಮಾಲೀಕರನ್ನು ಒಮ್ಮೆ ವಿಚಾರಿಸಿ.

ಠಾಣೆಯ ವಕೀಲ, 10 ಜನವರಿ 2025

ಬಹಳ ಒಳ್ಳೆಯ ಸೂಚನೆ. ಆದರೆ ಮಾಲೀಕರು ಬಂದು ಕೇಳಿದೊಡನೆ ಕೊಟ್ಟುಬಿಡಬೇಡಿ. ನೀವು ಒಳ್ಳೆಯ ನಂಬಿಕೆಯಿಂದ ಒಪ್ಪಿಸಿದವರಿಗೇ ಹಿಂದಿರುಗಿಸಿದರೆ ಕರಾರು ಕಾಯ್ದೆಯ 166ನೇ ಕಲಂ ನಿಮ್ಮನ್ನು ರಕ್ಷಿಸುತ್ತದೆ. ಮೂರನೆಯವರು ತಮ್ಮದೆಂದು ಹೇಳಿದರೆ ಅವರೇ 167ನೇ ಕಲಮಿನಂತೆ ನ್ಯಾಯಾಲಯಕ್ಕೆ ಹೋಗಿ ತಡೆ ತರಬೇಕು. ಇಬ್ಬರೂ ಸೇರಿ ಬರೆದುಕೊಟ್ಟರೆ ಮಾತ್ರ ಮಾಲೀಕರಿಗೆ ಕೊಡಬಹುದು.

ಭಾಂಡುಪ್ ನಿವಾಸಿ, 25 ಮಾರ್ಚ್ 2025

ಎಲ್ಲರಿಗೂ ಋಣಿಯಾಗಿದ್ದೇನೆ. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಜನವರಿ 12ರಂದು ಪಟ್ಟಿ ಮಾಡಿದೆವು, 13ರಂದು ನೋಟೀಸು ಹೋಯಿತು. ಮುಂಬಯಿ ವಿಳಾಸದ್ದು ವಾಪಸು ಬಂತು. ಊರಿನದನ್ನು ಅವರ ಅಣ್ಣ ಸಹಿ ಹಾಕಿ ತೆಗೆದುಕೊಂಡರು. ವಾರದೊಳಗೆ ಅವರೇ ಹೊಸ ನಂಬರಿನಿಂದ ಫೋನ್ ಮಾಡಿದರು. ಡೊಂಬಿವಲಿಯ ಅಕ್ಕ ಹೇಳಿದಂತೆ ಮೊದಲು ಮನೆಯ ವಿಚಾರ ಕೇಳಿದೆ. 2021ರ ಆಗಸ್ಟಿನಲ್ಲಿ ತಂದೆಗೆ ಪಾರ್ಶ್ವವಾಯು ಬಡಿದು ಊರಿಗೆ ಹೋದವರು ಮತ್ತೆ ಬರಲಾಗದೆ ಅಲ್ಲೇ ಒಂದು ಕ್ಯಾಂಟೀನು ನಡೆಸುತ್ತಿದ್ದರು. ಬಾಕಿ ಬೆಳೆದಂತೆಲ್ಲ ಮುಖ ತೋರಿಸಲು ನಾಚಿಕೆಯಾಯಿತು ಎಂದರು. ನಾನು ಅದನ್ನು ನಂಬುತ್ತೇನೆ.

ಫೆಬ್ರವರಿ 16ರಂದು ಅವರು ಬಂದರು. 500 ರೂಪಾಯಿಯ ಸ್ಟ್ಯಾಂಪ್ ಪೇಪರಿನ ಮೇಲೆ ಫೆಬ್ರವರಿ ಕೊನೆಯವರೆಗಿನ ಬಾಕಿ 1,29,000 ಎಂದು ಒಪ್ಪಿ ಸಹಿ ಹಾಕಿದರು. ಆಮೇಲೆ ನಾವಿಬ್ಬರೂ ಕುಳಿತು ಮಾತಾಡಿ 90,000ಕ್ಕೆ ತೀರ್ಮಾನಿಸಿದೆವು. ಮೇಜು ಕುರ್ಚಿಗಳನ್ನು ಅವರ ಲಿಖಿತ ಒಪ್ಪಿಗೆಯಿಂದ, ಅವರ ಎದುರಿನಲ್ಲೇ, ಕುರ್ಲಾದ ಹಳೆ ಸಾಮಾನಿನ ವ್ಯಾಪಾರಿಗೆ 38,000ಕ್ಕೆ ಕೊಟ್ಟೆವು. ಗ್ರೈಂಡರುಗಳಿಗೂ ಸ್ಟೀಮರಿಗೂ 22,000 ಬಂತು. ಉಳಿದ 30,000ವನ್ನು ತಿಂಗಳಿಗೆ 5,000ದಂತೆ ಕಳುಹಿಸುತ್ತಾರೆ, ಮಾರ್ಚಿನದು ಬಂದಿದೆ. ಚೆಂಬೂರಿನವರು ಊಹಿಸಿದ್ದು ಸರಿಯಾಗಿತ್ತು: ಫ್ರೀಜರ್ ಘಾಟ್ಕೋಪರಿನ ಮಾಲೀಕರದು. ಇಬ್ಬರೂ ಸಹಿ ಹಾಕಿದ ಪತ್ರ ಪಡೆದು ಅದನ್ನು ಮಾಲೀಕರಿಗೆ ಒಪ್ಪಿಸಿದೆ.

ಕಪಾಟಿನಲ್ಲಿ ಲೆಕ್ಕದ ಪುಸ್ತಕಗಳೂ ಗಲ್ಲಾದ ಮೇಲಿದ್ದ ದೇವರ ಪಟವೂ ಇದ್ದವು, ಅವರು ತೆಗೆದುಕೊಂಡು ಹೋದರು. ಆದರೆ ಅದರ ಹಿಂದೆ, ನಾಲ್ಕೂವರೆ ವರ್ಷ ನಾನು ನೋಡದೆ ಇದ್ದ ಎರಡು ತಗಡಿನ ಟ್ರಂಕುಗಳು ಸಿಕ್ಕವು. ಹೋಟೆಲಿನಲ್ಲಿ ಕೆಲಸಕ್ಕಿದ್ದ ಇಬ್ಬರು ಹುಡುಗರದೆಂದು ಅವರು ಹೇಳಿದರು. 2020ರ ಮೇ ತಿಂಗಳಲ್ಲಿ ಊರಿಗೆ ಹೊರಟವರು ಮರಳಿ ಬರಲಿಲ್ಲವಂತೆ. ಒಬ್ಬನ ಊರು ಬೈಂದೂರಿನ ಕಡೆ, ಇನ್ನೊಬ್ಬ ರಾಯಚೂರು ಜಿಲ್ಲೆಯವನು ಎಂಬುದಷ್ಟೇ ಅವರಿಗೆ ನೆನಪಿದೆ. ಟ್ರಂಕುಗಳನ್ನು ತೆರೆದಿಲ್ಲ. ಪಟ್ಟಿಗೆ ಸೇರಿಸಿ, ಸಾಕ್ಷಿಗಳ ಸಹಿ ಹಾಕಿಸಿ, ನನ್ನ ಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಬಾಡಿಗೆ ಬೇಡ. 2020ರ ಮೊದಲು ಘಾಟ್ಕೋಪರ್ ಪೂರ್ವದಲ್ಲಿ ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ಕೆಲಸ ಮಾಡಿದ ಹುಡುಗರು ಯಾರಿಗಾದರೂ ಗೊತ್ತಿದ್ದರೆ, ಟ್ರಂಕಿನ ಬಣ್ಣವನ್ನೂ ಬೀಗದ ಗುರುತನ್ನೂ ಹೇಳುವಂತೆ ಅವರಿಗೆ ತಿಳಿಸಿ ನನಗೆ ಇಲ್ಲಿ ಬರೆಯಬೇಕಾಗಿ ವಿನಂತಿ.